ಸೆಟಲ್ ಆದ ಸಾಲ ಮುಗಿದಿರಲಿಲ್ಲ: ನನಗೆ ಮತ್ತೆ ಕ್ರೆಡಿಟ್ ಕಾರ್ಡ್ ಸಿಕ್ಕಿದ್ದು ಹೇಗೆ

2023ರ ಜೂನ್‌ನಲ್ಲಿ ಎರಡೇ ವಾರದಲ್ಲಿ ಐದು ಬ್ಯಾಂಕಿನ ಕ್ರೆಡಿಟ್ ಕಾರ್ಡ್‌ಗೆ ಅರ್ಜಿ ಹಾಕಿದೆ. ಐದೂ ರಿಜೆಕ್ಟ್. ಒಂದು ಕಡೆಯಂತೂ ಪ್ಯಾನ್ ನಂಬರ್, ಒಟಿಪಿ ಹಾಕಿ ಅರ್ಧ ನಿಮಿಷ ಆಗಿರಲಿಲ್ಲ, ಆಗಲ್ಲ ಅಂತ ಮೆಸೇಜ್ ಬಂತು. ಒಂದು ಕಡೆ ಕೂಡಿ ಬರದಿದ್ದರೆ ಇನ್ನೊಂದು ಕಡೆ ನೋಡೋಣ ಅನ್ನೋದು ನನ್ನ ಲೆಕ್ಕ, ಹೆಣ್ಣು ನೋಡೋಕೆ ಹೋದ ಹಾಗೆ. ಆದರೆ ಇಲ್ಲಿ ಹೋದ ಮನೆಯವರೆಲ್ಲ ‘ಇವನು ಬಂದಿದ್ದ’ ಅಂತ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಮುಂದಿನ ಮನೆಯವರು ಅದನ್ನ ಓದಿಕೊಂಡೇ ಬಾಗಿಲು ತೆಗೆಯುತ್ತಾರೆ.

ನಾನು ದಾವಣಗೆರೆಯವನು. ಮದುವೆ, ಆರತಕ್ಷತೆಗಳಿಗೆ ಲೈಟಿಂಗ್, ಸೌಂಡ್ ಹಾಕುವ ಕೆಲಸ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಇಡೀ ಸೀಸನ್ ಕೈಬಿಟ್ಟುಹೋಯಿತು. ಕಾರ್ಡಿನಲ್ಲಿ 52,000 ರೂಪಾಯಿ ಬಾಕಿ ಇತ್ತು. ರಿಸರ್ವ್ ಬ್ಯಾಂಕ್ ಮಾರಟೋರಿಯಂ, ಅಂದರೆ ಸಾಲ ಕಟ್ಟೋಕೆ ಬಿಡುವು, ಕೊಟ್ಟಿದೆಯಲ್ಲ ಅಂತ ಆಗಸ್ಟ್‌ವರೆಗೆ ಒಂದು ಪೈಸೆ ಕಟ್ಟಲಿಲ್ಲ. ಕಂತಿಗೆ ರಜೆ, ಬಡ್ಡಿಗೆ ರಜೆ ಇಲ್ಲ ಅನ್ನೋದು ಸೆಪ್ಟೆಂಬರ್ ಬಿಲ್ ನೋಡಿದಾಗ ಗೊತ್ತಾಯಿತು. 2021ರ ಹೊತ್ತಿಗೆ ಅದು 78,000 ಆಗಿತ್ತು. ವಸೂಲಿಯವರು ಫೋನ್ ಮಾಡಿ, ‘ಸರ್, ನಲವತ್ತು ಸಾವಿರ ಕಟ್ಟಿಬಿಡಿ, ಅಕೌಂಟ್ ಮುಗಿದುಹೋಗುತ್ತೆ’ ಅಂದರು. ಹೆಂಡತಿಯ ಬಳೆ ಅಡ ಇಟ್ಟು ಕಟ್ಟಿದೆ. ಫೋನ್ ನಿಂತವು. ಮುಗೀತು ಅಂದುಕೊಂಡೆ.

ರಿಜೆಕ್ಟ್ ಆದ ಮೇಲೆ ಮಾಡಿದ ಮೊದಲ ಬುದ್ಧಿವಂತ ಕೆಲಸ ಅಂದರೆ ಕ್ರೆಡಿಟ್ ರಿಪೋರ್ಟ್ ತೆಗೆಸಿ ಓದಿದ್ದು. ನಾವೆಲ್ಲ ‘ಸಿಬಿಲ್ ಎಷ್ಟಿದೆ’ ಅಂತ ಕೇಳ್ತೀವಿ ಅಲ್ವಾ, ಸಿಬಿಲ್ ಅನ್ನೋದು ನಾವು ಸಾಲ ಹೇಗೆ ಕಟ್ಟಿದ್ದೀವಿ ಅನ್ನೋ ಲೆಕ್ಕ ಇಟ್ಟು, ಅದಕ್ಕೆ ಸ್ಕೋರ್ ಕೊಡೋ ಒಂದು ಕಂಪನಿ. ಹಾಗೇ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ಇನ್ನೂ ಮೂರು ಇವೆ. ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತೆ. ನಾನೀಗ ಮೂರು ತಿಂಗಳಿಗೊಂದರಂತೆ ಸರದಿಯಲ್ಲಿ ತೆಗೆಸ್ತೀನಿ. ನಮ್ಮ ರಿಪೋರ್ಟ್ ನಾವೇ ನೋಡಿದರೆ ಸ್ಕೋರ್ ಇಳಿಯಲ್ಲ. ಇಳಿಸೋದು ಆ ಐದು ಅರ್ಜಿಯಂಥವು.

ನನ್ನ ಸ್ಕೋರ್ 621 ಇತ್ತು. ಸ್ಕೋರ್ 300ರಿಂದ 900ರವರೆಗೆ ಇರುತ್ತೆ, 750 ದಾಟಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ನನಗೆ ಅಡ್ಡ ಬಂದಿದ್ದು ಬರೀ ಆ ನಂಬರ್ ಅಲ್ಲ. ಹಳೆ ಕಾರ್ಡಿನ ಮುಂದೆ ‘ಸೆಟಲ್ಡ್’ ಅಂತ ಇತ್ತು, ‘ಕ್ಲೋಸ್ಡ್’ ಅಂತ ಅಲ್ಲ. ಕ್ಲೋಸ್ಡ್ ಅಂದರೆ ಪೂರ್ತಿ ಕಟ್ಟಿದ ಅಂತ. ಸೆಟಲ್ಡ್ ಅಂದರೆ ಬ್ಯಾಂಕಿಗೆ ನಾಮ ಹಾಕಿದ, ಸಿಕ್ಕಷ್ಟು ಸಿಕ್ಕಲಿ ಅಂತ ಬಿಟ್ಟೆವು ಅಂತ. ಅದರ ಕೆಳಗೆ ತಿಂಗಳು ತಿಂಗಳಿನ ಚೌಕಗಳು. ಸರಿಯಾಗಿ ಕಟ್ಟಿದ ತಿಂಗಳಿಗೆ ಮೂರು ಸೊನ್ನೆ, ತಡವಾದರೆ ಎಷ್ಟು ದಿನ ತಡ ಅನ್ನೋ ಲೆಕ್ಕ. ನನ್ನದು 30, 61, 92 ಅಂತ ಏರಿಕೊಂಡು ಹೋಗಿತ್ತು.

ಇನ್ನೊಂದು ಪುಟ ತಿರುಗಿಸಿದರೆ ನನ್ನ ಹೆಸರಲ್ಲಿ ಒಂದು ಬೈಕ್ ಲೋನ್! ಚಿಕ್ಕಪ್ಪನ ಮಗನಿಗೆ ಜಾಮೀನು ಹಾಕಿದ್ದು ಮರೆತೇಹೋಗಿತ್ತು. ಅವನು ಮೂರು ಕಂತು ತಡ ಮಾಡಿದ್ದ, ಮೂರೂ ನನ್ನ ರಿಪೋರ್ಟಿನಲ್ಲಿ ಕೂತಿದ್ದವು.

ಈ ನಡುವೆ ಒಬ್ಬ ಏಜೆಂಟ್ ಸಿಕ್ಕಿದ. ಐದು ಸಾವಿರ ಕೊಟ್ಟರೆ ಒಂದೇ ತಿಂಗಳಲ್ಲಿ ಸ್ಕೋರ್ 750 ಮಾಡಿಸ್ತೀನಿ ಅಂದ. ಸರಿಯಾಗಿರೋ ಮಾಹಿತಿಯನ್ನ ದುಡ್ಡು ಕೊಟ್ಟು ಅಳಿಸೋಕೆ ಆಗಲ್ಲ. ತಪ್ಪು ಮಾಹಿತಿ ಇದ್ದರೆ ದುಡ್ಡಿಲ್ಲದೆ ನಾವೇ ದೂರು ಹಾಕಬಹುದು. ಅವನು ಮಾರ್ತಾ ಇದ್ದಿದ್ದು ಗಾಳಿ.

ಹಳೆ ಬ್ಯಾಂಕಿಗೆ ಹೋಗಿ, ಬಿಟ್ಟ 38,000 ಕಟ್ತೀನಿ, ಕ್ಲೋಸ್ ಅಂತ ಮಾಡಿಕೊಡಿ ಅಂದೆ. ಕೌಂಟರಿನ ಹುಡುಗ ಎರಡು ಸಲ ಕೇಳಿದ, ‘ಸರ್, ಕೇಳ್ದೆ ಇದ್ರೂ ಕಟ್ತೀರಾ?’ ಕಟ್ಟುವ ಮೊದಲೇ, ಇಷ್ಟು ಕಟ್ಟಿದರೆ ಇಂಥ ಬದಲಾವಣೆ ಮಾಡ್ತೀವಿ ಅಂತ ಬ್ಯಾಂಕಿನಿಂದ ಇಮೇಲ್ ತರಿಸಿಕೊಂಡೆ. ಮೂರು ಕಂತಿನಲ್ಲಿ ನವೆಂಬರ್‌ಗೆ ಮುಗಿಸಿದೆ, ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂಸ್ ಪತ್ರ ಬಂತು. ಫೆಬ್ರವರಿಯಾದರೂ ರಿಪೋರ್ಟಿನಲ್ಲಿ ಮಾತ್ರ ಸೆಟಲ್ಡೇ. ಸಿಬಿಲ್ ವೆಬ್‌ಸೈಟಿನಲ್ಲಿ ದೂರು ಹಾಕಿ, ಆ ಪತ್ರವನ್ನ ಬ್ಯಾಂಕಿಗೂ ಮತ್ತೆ ಕಳಿಸಿದೆ. 26 ದಿನಕ್ಕೆ ಸರಿಹೋಯಿತು. ಅದಾದ ಮೇಲೆ, 2024ರ ಏಪ್ರಿಲ್‌ನಿಂದ, 30 ದಿನದಲ್ಲಿ ದೂರು ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನೋ ನಿಯಮ ಬಂದಿದೆ. ನನಗೆ ಆ ಭಾಗ್ಯ ಇರಲಿಲ್ಲ. ತಡವಾದ ಹಳೆ ಚೌಕಗಳು ಮಾತ್ರ ಹಾಗೇ ಉಳಿದವು. ಅವುಗಳ ಮೇಲೆ ಹೊಸ ಸೊನ್ನೆಗಳನ್ನ ಪೇರಿಸಬೇಕು, ಅಷ್ಟೇ.

ಸೊನ್ನೆ ಪೇರಿಸೋಕೆ ಒಂದು ಕಾರ್ಡ್ ಬೇಕಲ್ಲ? ಅದಕ್ಕೆ ದಾರಿ ಎಫ್‌ಡಿ, ಅಂದರೆ ಫಿಕ್ಸೆಡ್ ಡೆಪಾಸಿಟ್, ಮೇಲಿನ ಕಾರ್ಡ್. ಹಳೆ ಬಾಕಿ ತೀರಿಸ್ತಾ ಇದ್ದಾಗಲೇ, ಆಗಸ್ಟ್‌ನಲ್ಲಿ, ನನ್ನ ಉಳಿತಾಯ ಖಾತೆ ಇದ್ದ ಬ್ಯಾಂಕಿನಲ್ಲಿ 25,000 ಎಫ್‌ಡಿ ಇಟ್ಟೆ. ಅದರ ಶೇಕಡಾ 80, ಅಂದರೆ 20,000 ಲಿಮಿಟ್‌ನ ಕಾರ್ಡ್ ಕೊಟ್ಟರು. ಕಟ್ಟದಿದ್ದರೆ ಎಫ್‌ಡಿಯಲ್ಲೇ ಹಿಡಿದುಕೊಳ್ಳುತ್ತಾರೆ, ಹಾಗಾಗಿ ಬ್ಯಾಂಕಿನವರು ನನ್ನ ಸ್ಕೋರ್ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

‘ರೀ, ನಮ್ಮ ದುಡ್ಡನ್ನೇ ಅಲ್ಲಿಟ್ಟು ನಾವೇ ಸಾಲ ತಗೊಳ್ಳೋದಾ?’ ಅಂದಳು ನನ್ನ ಹೆಂಡತಿ.

ಅವಳ ಮಾತು ತಪ್ಪೇನಲ್ಲ. ಎಫ್‌ಡಿಗೆ ಬಡ್ಡಿ ಬರುತ್ತೆ ಅನ್ನೋದು ನಿಜ, ಆದರೆ ಕಾರ್ಡ್ ಇರೋವರೆಗೆ ಅದನ್ನ ಮುರಿಯೋಕೆ ಆಗಲ್ಲ. ಇದು ಸಾಲಕ್ಕೆ ಅಂತ ತಗೊಂಡ ಕಾರ್ಡ್ ಅಲ್ಲ, ಹೇಳಿದ ದಿನ ಕಟ್ತಾನೆ ಅಂತ ತೋರಿಸೋಕೆ ತಗೊಂಡಿದ್ದು. ಪೆಟ್ರೋಲ್, ಕರೆಂಟ್ ಬಿಲ್, ಮೊಬೈಲ್ ರೀಚಾರ್ಜ್ ಬಿಟ್ಟು ಬೇರೇನೂ ಅದರಲ್ಲಿ ಮಾಡಲಿಲ್ಲ. ಬಿಲ್ಲಿನಲ್ಲಿ ಮಿನಿಮಮ್ ಡ್ಯೂ, ಅಂದರೆ ಸದ್ಯಕ್ಕೆ ಇಷ್ಟಾದರೂ ಕಟ್ಟಿ, ಅನ್ನೋ ಸಾಲಿನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟೇ ಕಟ್ಟಿ ಉಳಿದಿದ್ದನ್ನ ಬಿಟ್ಟರೆ ಎಷ್ಟೋ ಕಾರ್ಡ್‌ಗಳಲ್ಲಿ ತಿಂಗಳಿಗೆ ಶೇಕಡಾ 3.5ರ ಆಸುಪಾಸು ಬಡ್ಡಿ. 2020ರಲ್ಲಿ ನನ್ನನ್ನ ಮುಳುಗಿಸಿದ್ದೂ ಅದೇ.

ಒಂದು ತಿಂಗಳು ಮಾತ್ರ ಎಡವಿದೆ. ಎಲ್‌ಇಡಿ ಪಾರ್ ಲೈಟ್ ಅಗ್ಗಕ್ಕೆ ಸಿಕ್ಕವು ಅಂತ 17,000 ಉಜ್ಜಿದೆ. ಕೊನೇ ದಿನಾಂಕಕ್ಕೆ ಮುಂಚೆಯೇ ಪೂರ್ತಿ ಕಟ್ಟಿದೆ. ಆದರೂ ಸ್ಕೋರ್ 19 ಇಳಿಯಿತು. ಸ್ಟೇಟ್‌ಮೆಂಟ್, ಅಂದರೆ ತಿಂಗಳ ಬಿಲ್, ಆಗುವ ದಿನ ಎಷ್ಟು ಬಾಕಿ ಇತ್ತೋ ಅದೇ ಸ್ಕೋರ್ ಕೊಡೋ ಕಂಪನಿಯವರಿಗೆ ಹೋಗಿತ್ತು. ಲಿಮಿಟ್‌ನ ಮುಕ್ಕಾಲಿಗಿಂತ ಜಾಸ್ತಿ ಬಳಸಿದವನು ಇಕ್ಕಟ್ಟಿನಲ್ಲಿದ್ದಾನೆ ಅಂತ ಅವರ ಲೆಕ್ಕ. ಅಲ್ಲಿಂದ ಮುಂದೆ 6,000 ದಾಟದ ಹಾಗೆ ನೋಡಿಕೊಂಡೆ. ದಾಟಿದರೆ ಸ್ಟೇಟ್‌ಮೆಂಟ್‌ಗೆ ಎರಡು ದಿನ ಮುಂಚೆಯೇ ಕಟ್ಟಿಬಿಡುತ್ತಿದ್ದೆ. ಎರಡು ತಿಂಗಳಲ್ಲಿ ಇಳಿದದ್ದು ವಾಪಸ್ ಏರಿತು.

ಹದಿನಾರು ತಿಂಗಳು ಬೇರೆ ಎಲ್ಲೂ ಅರ್ಜಿ ಹಾಕಲಿಲ್ಲ. ಫೋನ್ ಮಾಡಿ ಆಸೆ ತೋರಿಸಿದವರಿಗೆಲ್ಲ ಬೇಡ ಅಂದೆ. 2024ರ ಡಿಸೆಂಬರ್‌ನಲ್ಲಿ ಸ್ಕೋರ್ 741 ಆಗಿತ್ತು. ಎಫ್‌ಡಿ ಇಟ್ಟಿದ್ದ ಬ್ಯಾಂಕಿನ ಆ್ಯಪ್‌ನಲ್ಲೇ ಆಫರ್ ಬಂತು. ಎರಡು ವರ್ಷದ ಐಟಿ ರಿಟರ್ನ್ಸ್ ಕೇಳಿದರು. ನಮ್ಮಂಥ ಸ್ವಂತ ಕೆಲಸದವರಿಗೆ ಸಂಬಳದ ಚೀಟಿ ಇರಲ್ಲ, ಆದಾಯ ತೋರಿಸೋಕೆ ಇರೋದು ಅದೇ. ಒಂಬತ್ತನೇ ದಿನ 60,000 ಲಿಮಿಟ್‌ನ ಕಾರ್ಡ್ ಕೊರಿಯರ್‌ನಲ್ಲಿ ಬಂತು. ಅಕಸ್ಮಾತ್ ರಿಜೆಕ್ಟ್ ಆಗಿದ್ದರೆ ಈ ಸಲ ಸುಮ್ನೆ ಇರುತ್ತಿರಲಿಲ್ಲ. ಯಾಕೆ ಕೊಡಲಿಲ್ಲ ಅಂತ ಬ್ಯಾಂಕ್ ಬರಹದಲ್ಲಿ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ.

ಮೊನ್ನೆ ಚಿಕ್ಕಪ್ಪನ ಮಗ ಮನೆಗೆ ಬಂದಿದ್ದ. ಹಳೆ ಬೈಕ್ ಕೊಟ್ಟು ಕಾರ್ ತಗೋಬೇಕು ಅಂತಿದ್ದೀನಿ ಅಣ್ಣ, ನಿನ್ನದೊಂದು ಸೈನ್ ಬೇಕಿತ್ತು ಅಂದ. ಮಂಡಕ್ಕಿ ಮೆಣಸಿನಕಾಯಿ ತರಿಸಿ, ಚಹಾ ಕೊಟ್ಟು ಕಳಿಸಿದೆ.