ಮುಟ್ಟು ನಿಲ್ಲುವ ವಯಸ್ಸು: ಮನೆಯಲ್ಲೇ ಬಿಪಿ ನೋಡಿಕೊಳ್ಳುವುದು ಹೇಗೆ?

ನಲವತ್ತೈದರ ಆಚೀಚೆ ಮೈ ಬಿಸಿಯೇರಿ ಬೆವರುತ್ತದೆ, ಎದೆ ಢವಢವ ಎನ್ನುತ್ತದೆ. ‘ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಬಿಪಿ ಏರುವುದೂ ಇದೇ ಹೊತ್ತಿನಲ್ಲಿ. ರಕ್ತನಾಳಗಳನ್ನು ಮೆದುವಾಗಿಟ್ಟಿದ್ದ ಈಸ್ಟ್ರೋಜೆನ್ ಎಂಬ ಹಾರ್ಮೋನು ಇಳಿದಂತೆ ನಾಳ ಬಿಗಿಯುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚುತ್ತದೆ. ಲಕ್ಷಣ ನೋಡಿ ಬಿಪಿ ಊಹಿಸಲಾಗದು, ಅಳೆಯಲೇಬೇಕು.

ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಕೊಳ್ಳಿ. ಪಟ್ಟಿ ತೋಳಿಗೆ ಚಿಕ್ಕದಾದರೆ ಅಂಕಿ ಹೆಚ್ಚು ತೋರಿಸುತ್ತದೆ. ಅಳೆಯುವ ಅರ್ಧ ಗಂಟೆ ಮೊದಲಿಂದ ಚಹಾ, ಕವಳ (ಎಲೆಅಡಿಕೆ) ಬೇಡ. ತೋಟದಿಂದ, ಮೀನುಪೇಟೆಯಿಂದ ಬಂದ ಕೂಡಲೇ ಪಟ್ಟಿ ಸುತ್ತಬೇಡಿ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, 5 ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿ. ಕೈ ಮೇಜಿನ ಮೇಲೆ, ಎದೆಯ ಮಟ್ಟದಲ್ಲಿರಲಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಬೆಳಿಗ್ಗೆ ಮಾತ್ರೆಗೆ ಮೊದಲು, ಮತ್ತೆ ಸಂಜೆ, ಹೀಗೆ 7 ದಿನ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದುದರ ಸರಾಸರಿ 135/85 ಅಥವಾ ಹೆಚ್ಚಿದ್ದರೆ ಚೀಟಿಯೊಂದಿಗೆ ಡಾಕ್ಟರ ಬಳಿ ಹೋಗಿ. ಯಂತ್ರವಿಲ್ಲವೇ? ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿಸಿ. ಅಲ್ಲಿ ಎಚ್ಚರದ ಅಂಕಿ 140/90.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಷ್ಟವಾಗುವುದು ಉಪ್ಪಿನ ವಿಷಯ. ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾರವಾರ, ಅಂಕೋಲಾ ಕಡೆ ಮಳೆಗಾಲಕ್ಕೆ ಒಣಮೀನು, ಶಿರಸಿ ಸೀಮೆಯಲ್ಲಿ ವರ್ಷವಿಡೀ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಹರಳುಪ್ಪಿನಲ್ಲೂ ಸೋಡಿಯಂ ಇದ್ದೇ ಇದೆ. ನಮ್ಮೂರಿನದು ಎಂದು ರಿಯಾಯಿತಿ ಇಲ್ಲ. ಇವನ್ನೆಲ್ಲ ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಒಣಮೀನನ್ನು ನೆನೆಸಿ ಆ ನೀರು ಚೆಲ್ಲಿ, ಸಾರಿಗೆ ಬೇರೆ ಉಪ್ಪು ಹಾಕಬೇಡಿ. ಗಂಜಿಗೆ ಮಿಡಿ ನಂಚಿಕೊಂಡರೆ ಗಂಜಿ ಸಪ್ಪೆಯಿರಲಿ. ಕವಳದ ತಂಬಾಕನ್ನು ಮಾತ್ರ ಪೂರ್ತಿ ಬಿಡಲೇಬೇಕು.

ವಾರಕ್ಕೆ 5 ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುವ ಕೆಲವು ಮಾತ್ರೆಗಳೂ ಬಿಪಿ ಏರಿಸುತ್ತವೆ, ಡಾಕ್ಟರಿಗೆ ಹೇಳಿ. ಅಂಕಿ ಇಳಿಯಿತೆಂದು ಬಿಪಿ ಮಾತ್ರೆ ನಿಲ್ಲಿಸಬೇಡಿ.

ಹೆಂಗಸರಿಗೆ ಹೃದಯಾಘಾತವಾದಾಗ ಎದೆನೋವು ಕಾಣಿಸದೆಯೂ ಇರಬಹುದು. ಏದುಸಿರು, ದವಡೆ ಅಥವಾ ಬೆನ್ನು ನೋವು, ವಾಕರಿಕೆ, ತಣ್ಣನೆ ಬೆವರು ಬಂದರೆ ‘ಗ್ಯಾಸ್’ ಎಂದು ಕಷಾಯ ಕುಡಿಯುತ್ತ ಕೂರಬೇಡಿ. ಹಳ್ಳಿಯಿಂದ ಆಸ್ಪತ್ರೆಗೆ ದಾರಿ ದೂರ. ನಡುರಾತ್ರಿಯಾದರೂ ತಕ್ಷಣ 108ಕ್ಕೆ ಕರೆ ಮಾಡಿ.