ಅರಬ್ಬೀ ಸಮುದ್ರದ ಶಾಖವನ್ನು ಆರ್ಗೋ ದತ್ತಾಂಶದಿಂದ ಲೆಕ್ಕ ಹಾಕುವುದು: ನನ್ನ ಅನುಭವ

ಸಮುದ್ರ ಬಿಸಿಯಾಗುತ್ತಿದೆ ಎನ್ನಲು ಮೇಲ್ಮೈ ಉಷ್ಣಾಂಶವೊಂದೇ ಸಾಲದು. ಜೋರು ಗಾಳಿ ಬೀಸಿ ನೀರು ಕಲಕಿದರೆ ಅದು ಇಳಿದುಬಿಡುತ್ತದೆ. ಭೂಮಿಯಲ್ಲಿ ಹೆಚ್ಚುವರಿಯಾಗಿ ಉಳಿಯುವ ಶಾಖದಲ್ಲಿ ಶೇ 90ರಷ್ಟು ಸಮುದ್ರಕ್ಕೇ ಸೇರುವುದರಿಂದ ಆಳದವರೆಗೂ ಪದರ ಪದರವಾಗಿ ಲೆಕ್ಕ ಹಾಕಬೇಕು. ಅದಕ್ಕೆ ನಾನು ಬಳಸುವುದು, ಸಮುದ್ರದಲ್ಲಿ ತಾವಾಗಿಯೇ ಇಳಿದು ಏರುವ ಅಳತೆಯ ಉಪಕರಣಗಳಾದ ಆರ್ಗೋ ಫ್ಲೋಟ್‌ಗಳ ದತ್ತಾಂಶ. ಇವು 1,000 ಮೀಟರ್ ಆಳದಲ್ಲಿ ತೇಲುತ್ತಿದ್ದು, ಹತ್ತು ದಿನಕ್ಕೊಮ್ಮೆ 2,000 ಮೀಟರಿಗೆ ಇಳಿದು, ಉಷ್ಣಾಂಶ, ಲವಣಾಂಶ, ಒತ್ತಡ ಅಳೆಯುತ್ತ ಮೇಲೆ ಬಂದು ಉಪಗ್ರಹಕ್ಕೆ ಮಾಹಿತಿ ಕಳಿಸುತ್ತವೆ. ಭಾರತದ ಫ್ಲೋಟ್‌ಗಳ ದತ್ತಾಂಶ ನೋಡಿಕೊಳ್ಳುವುದು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್. ಎಲ್ಲ ದೇಶಗಳದ್ದೂ ಫ್ರಾನ್ಸಿನ ಬ್ರೆಸ್ಟ್ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ನಾನು ಲೆಕ್ಕ ಹಾಕುವ ಚೌಕ ಕರ್ನಾಟಕ ಕರಾವಳಿಯ ಪಶ್ಚಿಮಕ್ಕೆ, 12–16 ಡಿಗ್ರಿ ಉತ್ತರ, 66–70 ಡಿಗ್ರಿ ಪೂರ್ವ.

ಮೊದಲು ಸೋಸಬೇಕು. ಕಡತದ ಹೆಸರು ‘ಆರ್’ನಿಂದ ಶುರುವಾದರೆ ಅದು ತಜ್ಞರು ಇನ್ನೂ ನೋಡದ, ಯಂತ್ರ ಮಾತ್ರ ಪರೀಕ್ಷಿಸಿದ ದತ್ತಾಂಶ, ‘ಡಿ’ಯಿಂದ ಶುರುವಾದರೆ ತಜ್ಞರು ತಿದ್ದಿದ್ದು. ವರ್ಷಗಳ ಏರಿಕೆ ಹುಡುಕುವಾಗ ‘ಡಿ’ ಮಾತ್ರ, ಅದರಲ್ಲೂ ‘ಅಡ್ಜಸ್ಟೆಡ್’ ಅಂಕಣದಲ್ಲಿ ಗುಣಮಟ್ಟದ ಗುರುತು 1 (ಒಳ್ಳೆಯದು) ಇರುವ ಬಿಂದುಗಳು ಮಾತ್ರ. ಉಷ್ಣಾಂಶದ ಸೆನ್ಸರ್ 0.002 ಡಿಗ್ರಿಯಷ್ಟು ನಿಖರ. ಕೈಕೊಡುವುದು, ಆಳವನ್ನು ಹೇಳುವ ಒತ್ತಡದ ಸೆನ್ಸರ್. ಕೆಲವು ಹಳೆಯ ಸೆನ್ಸರ್‌ಗಳಲ್ಲಿ ಒಳಗಿನ ಎಣ್ಣೆ ಸೋರಿ ರೀಡಿಂಗ್ ಮೆಲ್ಲಗೆ ಕಡಿಮೆಯಾಗುತ್ತ ಹೋಗುತ್ತದೆ. ಆಗ ಆಳದ ತಣ್ಣನೆ ನೀರು ಮೇಲಿನದೆಂದು ದಾಖಲಾಗಿ, ಸಮುದ್ರ ತಣ್ಣಗಾದಂತೆ ಕಾಣುತ್ತದೆ. ಸುಮಾರು 100 ಮೀಟರ್ ಕೆಳಗೆ, ನೀರು ಬೇಗನೆ ತಣ್ಣಗಾಗುತ್ತ ಹೋಗುವ ಪದರವಾದ ಥರ್ಮೋಕ್ಲೈನ್‌ನಲ್ಲಿ ಮೀಟರಿಗೆ 0.1 ಡಿಗ್ರಿ ಇಳಿಯುತ್ತಿದ್ದರೆ, 5 ಮೀಟರಿನ ತಪ್ಪು ಅರ್ಧ ಡಿಗ್ರಿಯ ತಪ್ಪಾಗುತ್ತದೆ. ನಾವು ಹುಡುಕುತ್ತಿರುವುದೋ ವರ್ಷಕ್ಕೆ ನೂರನೇ ಒಂದೆರಡು ಪಾಲು ಡಿಗ್ರಿಯ ಏರಿಕೆ!

ಆಮೇಲೆ ಪ್ರತಿ ಪ್ರೊಫೈಲನ್ನು (ಒಂದು ಸಲ ಮೇಲೇರುವಾಗಿನ ಅಳತೆಗಳನ್ನು) 5 ಮೀಟರ್ ಅಂತರಕ್ಕೆ ಹೊಂದಿಸುತ್ತೇನೆ. ಇಲ್ಲಿ ಬಿಂದುಗಳ ನಡುವೆ ನಯವಾದ ಗೆರೆ ಎಳೆಯುವ ಕ್ಯೂಬಿಕ್ ಸ್ಪ್ಲೈನ್ ವಿಧಾನ ಬೇಡ. ಥರ್ಮೋಕ್ಲೈನ್‌ನ ತಿರುವಿನಲ್ಲಿ ಅದು ಇಲ್ಲದ ಏರಿಳಿತ ಹುಟ್ಟಿಸುತ್ತದೆ. ಅಂಥ ಏರಿಳಿತ ಕಡಿಮೆ ಇರುವ ಅಕಿಮಾ ವಿಧಾನ ವಾಸಿ. ಮೇಲ್ಮೈಯ ಕೊಳೆ ಒಳಹೋಗದಿರಲೆಂದು ಸಾಮಾನ್ಯವಾಗಿ 5 ಮೀಟರಿನ ಹತ್ತಿರ ಸೆನ್ಸರಿಗೆ ನೀರು ಹಾಯಿಸುವ ಪಂಪ್ ನಿಲ್ಲುವುದರಿಂದ, ಅಲ್ಲಿನ ಅಳತೆಯನ್ನೇ ಮೇಲಕ್ಕೂ ಎಳೆಯುತ್ತೇನೆ. ಬಳಿಕ ಅದೇ ಜಾಗದ, ಅದೇ ತಿಂಗಳ ಸರಾಸರಿಯನ್ನು ಕಳೆಯಬೇಕು. ಮೇ ತಿಂಗಳ ನೀರನ್ನು ಮುಂಗಾರಿನ ನೀರಿಗೆ ಹೋಲಿಸಿದರೆ ಸಿಗುವುದು ಋತುಮಾನವೇ ಹೊರತು ತಾಪಮಾನ ಏರಿಕೆಯಲ್ಲ. ಉಳಿದ ವ್ಯತ್ಯಾಸವನ್ನು ಸಾಂದ್ರತೆ 1,025 (ಘನ ಮೀಟರಿಗೆ ಕಿಲೋಗ್ರಾಂ), ವಿಶಿಷ್ಟೋಷ್ಣ 3,992 (ಒಂದು ಕಿಲೋ ನೀರನ್ನು ಒಂದು ಡಿಗ್ರಿ ಏರಿಸಲು ಬೇಕಾದ ಜೂಲ್) ಮತ್ತು ಪದರದ ದಪ್ಪದಿಂದ ಗುಣಿಸಿ ಪದರಗಳನ್ನು ಕೂಡುವುದು. ಒಂದು ಮೀಟರ್ ದಪ್ಪದ ಪದರ ಒಂದು ಡಿಗ್ರಿ ಏರಿದರೆ ಚದರ ಮೀಟರಿಗೆ 41 ಲಕ್ಷ ಜೂಲ್. 700 ಮೀಟರ್ ನೀರು 0.1 ಡಿಗ್ರಿ ಏರಿದರೂ ಸುಮಾರು 28.6 ಕೋಟಿ ಜೂಲ್.

ಇಷ್ಟಾದರೂ ಆತುರ ಬೇಡ. ಸಾಗರದೊಳಗಿನ ನಿಧಾನದ ಅಲೆಗಳು ಥರ್ಮೋಕ್ಲೈನನ್ನು ಕೆಳಗೆ ತಳ್ಳಿದಾಗ 100–150 ಮೀಟರಿನಲ್ಲಿ ನೀರು ಏಕಾಏಕಿ ಬಿಸಿಯಾದಂತೆ ಕಾಣುತ್ತದೆ. ಮೇಲಿದ್ದ ನೀರು ಕೆಳಗೆ ಸರಿದಿದೆ, ಅಷ್ಟೆ. ಹಾಗಾಗಿ ಒಂದೇ ಸಾಂದ್ರತೆಯ ಪದರದಲ್ಲೂ ಉಷ್ಣಾಂಶ ಹೋಲಿಸುತ್ತೇನೆ; ನೀರು ಬರೀ ಕೆಳಗೆ ಸರಿದಿದ್ದರೆ ಅಲ್ಲಿ ಅದು ಬದಲಾಗದು. ಸಾಂದ್ರತೆ ತಿಳಿಯಲು ಲವಣಾಂಶವೂ ಬೇಕು; ಅದರ ಸೆನ್ಸರ್ ಮೆಲ್ಲಗೆ ತಪ್ಪು ತೋರಿಸತೊಡಗಿದ್ದರೆ ಈ ಪರೀಕ್ಷೆಯೇ ಕೆಡುವುದರಿಂದ, ಅಂಥ ಫ್ಲೋಟನ್ನು ಪೂರ್ತಿ ಕೈಬಿಡುತ್ತೇನೆ.

ಅಂಟಾರ್ಕ್ಟಿಕಾದ ಅಮುಂಡ್ಸನ್ ಸಮುದ್ರಕ್ಕೆ ಇದೇ ಕ್ರಮ ಹಾಗೇ ನಡೆಯದು. ಚಳಿಗಾಲದಲ್ಲಿ ಅಲ್ಲಿನ ಮೇಲ್ಮೈ ನೀರು ಹೆಪ್ಪುಗಟ್ಟುವ ಬಿಂದುವಾದ −1.9 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಂದ ಶಾಖ ಮೊದಲು ಹಿಮ ಕರಗಿಸಲು ಹೋಗುತ್ತದೆ. ಪೈನ್ ಐಲೆಂಡ್, ಥ್ವೇಟ್ಸ್ ಹಿಮನದಿಗಳ ಬುಡ ಕರಗಿಸುವುದು ಆಳದ ಉಪ್ಪುನೀರು. ಪ್ರತಿ 1,000 ಮೀಟರಿಗೆ ಹೆಪ್ಪುಗಟ್ಟುವ ಬಿಂದು 0.75 ಡಿಗ್ರಿ ಇಳಿಯುವುದರಿಂದ, ಅಷ್ಟು ಆಳದಲ್ಲಿ 1 ಡಿಗ್ರಿಯ ನೀರು ಹಿಮದ ಪಾಲಿಗೆ ಮೂರೂವರೆ ಡಿಗ್ರಿಗೂ ಹೆಚ್ಚು ಬಿಸಿ. ಅಲ್ಲಿ ನಾನು ಲೆಕ್ಕ ಹಾಕುವುದು ನೀರಿನ ಉಷ್ಣಾಂಶಕ್ಕೂ ಹೆಪ್ಪುಗಟ್ಟುವ ಬಿಂದುವಿಗೂ ಇರುವ ಈ ಅಂತರವನ್ನು. ಹಿಮದಡಿ ಸಿಕ್ಕ ಫ್ಲೋಟು ಮೇಲೆ ಬಾರದೆ ದತ್ತಾಂಶವನ್ನು ಕೂಡಿಟ್ಟು, ತೆರೆದ ನೀರು ಸಿಕ್ಕಾಗ ಕಳಿಸುತ್ತದೆ. ನಡುವಿನ ಸ್ಥಾನಗಳು ಅಂದಾಜಿನವು, ಅವುಗಳ ಗುರುತು 8. ಅವನ್ನು ಉಷ್ಣಾಂಶಕ್ಕೆ ಬಳಸಬಹುದು, ಆದರೆ ನಕ್ಷೆ ಬಿಡಿಸುವಾಗ ಬೇರೆ ಬಣ್ಣದಲ್ಲಿ ತೋರಿಸಬೇಕು.