ಜೆಇ ಪ್ರತಿಕಾಯ ಸೋಸಿ ಡೆಂಗ್ಯೂ ಪ್ರತಿಕಾಯ ಹಿಡಿದದ್ದು: ನನ್ನ ಅನುಭವ

"ಎಲೈಸಾದಲ್ಲಿ ಎಲ್ಲವೂ ಪಾಸಿಟಿವ್ ಬರುತ್ತೆ, ಈ ಸೀರಮ್‌ಗಳಿಂದ ಏನೂ ಹುಟ್ಟಲ್ಲ" ಅಂದವರೇ ಈಗ ನನ್ನ ಪ್ರೋಟೋಕಾಲ್ ಕೇಳುತ್ತಿದ್ದಾರೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. (ಎಲೈಸಾ ಎಂದರೆ ವೈರಸ್ಸಿನ ಅಂಶ ಅಂಟಿಸಿದ ಪ್ಲೇಟಿನಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ; ಸೀರಮ್ ಎಂದರೆ ರಕ್ತದ ತಿಳಿ ಭಾಗ.)

ಕೈಯಲ್ಲಿದ್ದದ್ದು ಸುಮಾರು 40 ಸೀರಮ್. ಎಲ್ಲರೂ ಜಪಾನೀಸ್ ಎನ್‌ಸೆಫಲೈಟಿಸ್ (ಜೆಇ, ಒಂದು ಬಗೆಯ ಮೆದುಳು ಜ್ವರ) ಲಸಿಕೆ ಹಾಕಿಸಿಕೊಂಡವರು. ಹದಿನೈದು ಜನಕ್ಕೆ ಆಮೇಲೆ ಡೆಂಗ್ಯೂ ಬಂದದ್ದು ಪಿಸಿಆರ್‌ನಲ್ಲಿ ಖಚಿತವಾಗಿತ್ತು. ವೈರಸ್ಸಿನ ಹೊರಮೈಯ ಇ ಪ್ರೋಟೀನಿನಲ್ಲಿ ಫ್ಯೂಷನ್ ಲೂಪ್ ಎಂಬ ತುಣುಕಿದೆ, ವೈರಸ್ ಕೋಶದ ಪೊರೆಗೆ ಬೆಸೆಯುವುದು ಅದರಿಂದ. ಅದು ಎರಡೂ ವೈರಸ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಲಸಿಕೆಯ ಪ್ರತಿಕಾಯ ಡೆಂಗ್ಯೂ ಪ್ಲೇಟಿಗೂ ಅಂಟುತ್ತದೆ. ಜೆಇ ವೈರಸ್ ಕೂರಿಸಿದ ಮ್ಯಾಗ್ನೆಟಿಕ್ ಬೀಡ್ಸ್‌ನಲ್ಲಿ (ಅಯಸ್ಕಾಂತಕ್ಕೆ ಅಂಟುವ ಪುಟ್ಟ ಮಣಿಗಳು) ಸೀರಮ್ ಸೋಸಿ ಜೆಇ ಪ್ರತಿಕಾಯ ತೆಗೆದು, ಉಳಿದದ್ದನ್ನು ಡೆಂಗ್ಯೂ ಮೇಲೆ ನೋಡೋಣ ಎಂದುಕೊಂಡೆ.

ಎಂಟು ತಿಂಗಳು ಹಾಳಾಯಿತು. ಸೋಸಿದ ಸೀರಮ್ ಜೆಇಯನ್ನೇ ತಡೆಯುತ್ತಿತ್ತು! ವೀರೊ ಕೋಶಗಳಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಕೋತಿಯ ಕೋಶಗಳು) ಪ್ಲೇಕ್, ಅಂದರೆ ವೈರಸ್ ಕೋಶ ಕೊಂದು ಮಾಡುವ ತೂತುಗಳು, ಏರಲೇ ಇಲ್ಲ. ಬೀಡ್ಸ್ ಹೆಚ್ಚಿಸಿದೆ, ಮೂರು ಸುತ್ತು ಸೋಸಿದೆ. ವೈರಸ್ ಶುದ್ಧೀಕರಣಕ್ಕೇ ಆ ವರ್ಷದ ಅನುದಾನದ ಮೂರನೇ ಒಂದು ಪಾಲು ಹೋಯಿತು. ನಡುವೆ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸೇರಿ ಕೋಶಗಳನ್ನೆಲ್ಲ ಎಸೆಯಬೇಕಾಯಿತು.

ತಪ್ಪು ಇದ್ದದ್ದು ಬಫರಿನಲ್ಲಿ. ಬೀಡ್ಸ್‌ಗೆ ವೈರಸ್ ಕೂರಿಸುವಾಗ ಎಲ್ಲರಂತೆ ನಾನೂ ಎಂಇಎಸ್ ಎಂಬ ಆಮ್ಲೀಯ ಬಫರ್ ಬಳಸಿದ್ದೆ, ಪಿಹೆಚ್ ಸುಮಾರು 5.5. ಆಮ್ಲದಲ್ಲಿ ಇ ಪ್ರೋಟೀನ್ ಮಗುಚಿಕೊಳ್ಳುತ್ತದೆ ಎಂದು ನಮಗೆಲ್ಲ ಗೊತ್ತು; ಕೋಶದ ಒಳಗೆ ವೈರಸ್ ಮಾಡುವುದೂ ಅದನ್ನೇ. ನನ್ನ ಬೀಡ್ಸ್ ಮೇಲಿದ್ದದ್ದು ರೂಪ ಕೆಟ್ಟ ವೈರಸ್. ಅದು ಫ್ಯೂಷನ್ ಲೂಪಿನ ಪ್ರತಿಕಾಯವನ್ನು ಎಳೆದುಕೊಂಡು, ಇಡೀ ಕಣವನ್ನು ಗುರುತಿಸುವ ಪ್ರತಿಕಾಯಗಳನ್ನು ಬಿಟ್ಟುಬಿಡುತ್ತಿತ್ತು. ಆಮ್ಲವಿಲ್ಲದೆಯೂ ಪ್ರೋಟೀನ್ ಹಿಡಿಯುವ ಟೊಸೈಲ್ ಬೀಡ್ಸ್‌ಗೆ ಹೋಗಿ, ಕ್ಷಾರದ ಕಡೆಯ ಪಿಹೆಚ್‌ನಲ್ಲಿ ವೈರಸ್ ಕೂರಿಸಿದೆ. ಎಷ್ಟು ಹೊತ್ತು, ಯಾವ ಉಷ್ಣತೆಯಲ್ಲಿ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎರಡೇ ಸುತ್ತಿಗೆ ಜೆಇ ತಡೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಲಸಿಕೆ ಮಾತ್ರ ಪಡೆದವರಲ್ಲಿ ಡೆಂಗ್ಯೂ ಸಿಗ್ನಲ್ ಬಹುತೇಕ ಅಳಿಸಿಹೋಯಿತು. ಡೆಂಗ್ಯೂ ಬಂದ ಹದಿನೈದು ಜನರಲ್ಲಿ ಹದಿಮೂರು ಜನರಲ್ಲಿ ಅದು ಹಾಗೇ ಉಳಿಯಿತು. ವೈರಸ್ ಬದಲು ಬಿಎಸ್‌ಎ (ದನದ ರಕ್ತದ ಪ್ರೋಟೀನ್) ಕೂರಿಸಿದ ಬೀಡ್ಸ್ ಹೋಲಿಕೆಗೆ ಪಕ್ಕದಲ್ಲಿ ಇಲ್ಲದೆ ಈ ಅಂಕಿಗಳನ್ನು ನಾನೇ ನಂಬುತ್ತಿರಲಿಲ್ಲ.

ಕುತೂಹಲಕ್ಕೆ ಸೋಸುವ ಮುಂಚಿನ ಸೀರಮ್‌ಗಳನ್ನು ಡೆಂಗ್ಯೂ ವೈರಸ್ ಜೊತೆ ಕೆ562 ಕೋಶಗಳಲ್ಲೂ (ರಕ್ತದ ಕ್ಯಾನ್ಸರಿನಿಂದ ಬಂದವು) ಹಾಕಿದೆ. ಪ್ರತಿಕಾಯ ಇಲ್ಲದೆ ಅವುಗಳಿಗೆ ಡೆಂಗ್ಯೂ ಸರಿಯಾಗಿ ಹತ್ತುವುದಿಲ್ಲ; ಅಂಟಿದರೂ ತಡೆಯದ ಪ್ರತಿಕಾಯ ವೈರಸ್ಸನ್ನು ಒಳಗೆ ಹೊತ್ತೊಯ್ಯಬಲ್ಲದು. ಲಸಿಕೆ ಮಾತ್ರ ಪಡೆದ ಕೆಲವರ ಸೀರಮ್ ಒಂದು ಮಟ್ಟಕ್ಕೆ ತೆಳುವಾದಾಗ ಸೋಂಕು ನಾಲ್ಕೈದು ಪಟ್ಟು ಏರಿತು. ಸೋಸಿದ ಮೇಲೆ ಏರಲಿಲ್ಲ. ಇದನ್ನು ತೋರಿಸಿ ಯಾರಾದರೂ ಜೆಇ ಲಸಿಕೆ ಬೇಡ ಎಂದರೆ ನನಗೆ ಸಿಟ್ಟು ಬರುತ್ತದೆ. ತಟ್ಟೆಯ ಕೋಶ ಮನುಷ್ಯನ ಮೈಯಲ್ಲ, ಜೆಇ ಮಕ್ಕಳನ್ನು ಕೊಲ್ಲುವ ಕಾಯಿಲೆ.

ಜೆಇ ಲಸಿಕೆಯಾದ ಮೇಲೆ ಹಳದಿ ಜ್ವರದ 17ಡಿ ಲಸಿಕೆ ಹಾಕಿಸಿಕೊಂಡ ಮೂವರ ಸೀರಮ್ ಈಗ ಫ್ರೀಜರಿನಲ್ಲಿದೆ. ಅದಕ್ಕೆ ಜೆಇ ಮತ್ತು ಹಳದಿ ಜ್ವರ ಎರಡರ ಬೀಡ್ಸೂ ಬೇಕು, ಹೊಸ ಅನುದಾನವೂ ಬೇಕು.